ರಕ್ತದ ತಿಳಿ ತೆಗೆಯುವವರು

ರಕ್ತದೊಳಗಿನ ಪ್ರೋಟೀನನ್ನು ತೆಗೆದು ಎಸೆಯುವುದು ನನ್ನ ಕಸುಬು. ಹಾಗಂದರೆ ಕೇಳಿದವರು ಮುಖ ನೋಡುತ್ತಾರೆ. ಮೊಟ್ಟೆ ತಿನ್ನಿ, ಕಾಳು ತಿನ್ನಿ, ಪ್ರೋಟೀನು ಸಾಲದು ಎಂದು ಡಾಕ್ಟರುಗಳು ಬಡಕೊಳ್ಳುತ್ತಿರುವಾಗ ಇವರು ಅದನ್ನೇ ಕಸದ ಡಬ್ಬಿಗೆ ಹಾಕುತ್ತಾರಂತೆ! ಆದರೆ ನಮ್ಮ ಲ್ಯಾಬಿನಲ್ಲಿ ನಡೆಯುವುದು ಅದೇ. ಒಂದು ಲೀಟರು ಪ್ಲಾಸ್ಮಾದಲ್ಲಿ 60ರಿಂದ 80 ಗ್ರಾಂ ಪ್ರೋಟೀನು ಇರುತ್ತದೆ. ಸಕ್ಕರೆ ಒಂದು ಗ್ರಾಮಿನ ಆಸುಪಾಸು. ಅಮೈನೋ ಆಮ್ಲ, ಲ್ಯಾಕ್ಟೇಟು, ಯೂರಿಕ್ ಆಮ್ಲ, ವಿಟಮಿನ್ನು, ಹಾರ್ಮೋನು, ನಿನ್ನೆ ನುಂಗಿದ ಮಾತ್ರೆಯ ಅಳಿದುಳಿದ ಚೂರು, ಇವೆಲ್ಲ ಮಿಲಿಗ್ರಾಂ, ಮೈಕ್ರೋಗ್ರಾಂ ಲೆಕ್ಕದವು, ಕೆಲವು ಅದಕ್ಕಿಂತಲೂ ಕಡಿಮೆ. ಈ ಚಿಕ್ಕ ಅಣುಗಳನ್ನು, ಎಂದರೆ ಮೆಟಬಾಲೈಟುಗಳನ್ನು, ಒಟ್ಟಿಗೇ ಅಳೆದು ದೇಹದಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯುವ ವಿದ್ಯೆಗೆ ಮೆಟಬಾಲೊಮಿಕ್ಸ್ ಎಂದು ಹೆಸರು. ಅಳೆಯುವ ಯಂತ್ರ ಮಾಸ್ ಸ್ಪೆಕ್ಟ್ರೋಮೀಟರ್. ಅದಕ್ಕೆ ಪ್ರೋಟೀನು ಆಗಿಬರುವುದಿಲ್ಲ. ಪ್ಲಾಸ್ಮಾವನ್ನು ಇದ್ದ ಹಾಗೇ ಒಳಗೆ ಬಿಟ್ಟರೆ ಅಣುಗಳನ್ನು ಬೇರ್ಪಡಿಸುವ ಕಾಲಮ್ಮು ಕಟ್ಟಿಕೊಳ್ಳುತ್ತದೆ, ಯಂತ್ರದ ಮೂತಿಗೆ ಕೊಳೆ ಹತ್ತುತ್ತದೆ, ಸರ್ವಿಸ್ ಎಂಜಿನಿಯರು ಬರುವವರೆಗೆ ಎಲ್ಲರೂ ಕೈಕಟ್ಟಿ ಕೂರಬೇಕು.

ಲ್ಯಾಬು ನೋಡಲು ಬಂದ ಅತಿಥಿಗಳು ಫೋಟೊ ತೆಗೆಸಿಕೊಳ್ಳುವುದು ಆ ಯಂತ್ರದ ಪಕ್ಕದಲ್ಲಿ. ಚರಿತ್ರೆ ಬರೆಯುವವರೂ ಹೋಗಿ ನಿಲ್ಲುವುದು ಅಲ್ಲೇ. ಕೇಂಬ್ರಿಜ್ಜಿನ ಜೆ. ಜೆ. ಥಾಮ್ಸನ್, ಅವರ ಶಿಷ್ಯ ಆಸ್ಟನ್, ಆಮೇಲೆ 2002ರಲ್ಲಿ ನೊಬೆಲ್ ಪಡೆದ ಜಾನ್ ಫೆನ್. ಅವರೆಲ್ಲ ದೊಡ್ಡವರು, ಒಪ್ಪಿದೆ. ಆದರೆ ಯಂತ್ರದ ಬಾಯಿಗೆ ಹೋಗುವ, ಒಂದು ಹನಿಯ ಹತ್ತನೇ ಒಂದು ಪಾಲಿನಷ್ಟು ತಿಳಿಯನ್ನು ತಯಾರು ಮಾಡಿಕೊಡುವ ಕೈಕೆಲಸ ಇದೆಯಲ್ಲ, ಅದರ ವಂಶಾವಳಿಯೇ ಬೇರೆ. ಅದು ಶುರುವಾಗುವುದು ಒಂದು ಮಾನಸಿಕ ಆಸ್ಪತ್ರೆಯಲ್ಲಿ.

ಅಮೆರಿಕದ ಬಾಸ್ಟನ್ ಪಕ್ಕದ ಮೆಕ್ಲೀನ್ ಆಸ್ಪತ್ರೆ ಮನೋರೋಗಿಗಳದ್ದು. ಅಲ್ಲಿ ಒಂದು ರಸಾಯನ ಪ್ರಯೋಗಾಲಯ ಕಟ್ಟುವುದಕ್ಕೆ 1900ರಲ್ಲಿ ಆಟೋ ಫೊಲಿನ್ ಎಂಬವರನ್ನು ಕರೆಸಿದರು. ಸ್ವೀಡನ್ನಿನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಅಮೆರಿಕದ ಮಿನೆಸೋಟಕ್ಕೆ ವಲಸೆ ಬಂದ ಮನುಷ್ಯ. ಬುದ್ಧಿ ಕದಡುವುದಕ್ಕೆ ಮೈಯೊಳಗಿನ ರಸಾಯನದಲ್ಲಿ ಏನಾದರೂ ಕಾರಣ ಸಿಕ್ಕೀತೇ ಎಂಬುದು ಆಸ್ಪತ್ರೆಯವರ ಆಸೆ. ಫೊಲಿನ್ ಮೊದಲು ಹಿಡಿದದ್ದು ಮೂತ್ರವನ್ನು. ಆರೋಗ್ಯವಂತರ ಮೂತ್ರದಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ, ಬೇಕಾದಷ್ಟು ಸಿಗುತ್ತದೆ, ಯಾರನ್ನೂ ಚುಚ್ಚಬೇಕಾಗಿಲ್ಲ. ಕ್ರಿಯಾಟಿನಿನ್ ಅಳೆಯುವ ವಿಧಾನವನ್ನು ಅವರು 1904ರಲ್ಲಿ ರೂಪಿಸಿದ್ದು ಮೂತ್ರಕ್ಕಾಗಿಯೇ. ಕಿಡ್ನಿ ಪರೀಕ್ಷೆಗೆಂದು ನೀವು ಇಂದು ರಕ್ತ ಕೊಟ್ಟರೂ ಎಷ್ಟೋ ಲ್ಯಾಬುಗಳಲ್ಲಿ ಪಿಕ್ರಿಕ್ ಆಮ್ಲದ ಆ ಕಿತ್ತಳೆ ಬಣ್ಣವೇ ಲೆಕ್ಕ ಹೇಳುವುದು. ಹುಚ್ಚಿನ ಕಾರಣ ಮಾತ್ರ ಮೂತ್ರದಲ್ಲಿ ಸಿಗಲಿಲ್ಲ. 1907ರಲ್ಲಿ ಫೊಲಿನ್ ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಹೋದರು.

ಮೂತ್ರ ಎಂದರೆ ದೇಹ ಹೊರಹಾಕಿದ ಕಸ, ಒಳಗಿನ ವ್ಯವಹಾರ ನಡೆಯುವುದು ರಕ್ತದಲ್ಲಿ. ಅದನ್ನು ನೋಡಬೇಕೆಂದರೆ ಪ್ರೋಟೀನು ಅಡ್ಡ. 1912ರಲ್ಲಿ ಫೊಲಿನ್ ಮತ್ತು ವಿಲ್ಲಿ ಡೆನಿಸ್ ಒಂದು ದಾರಿ ಪ್ರಕಟಿಸಿದರು. (ಹೆಸರು ನೋಡಿ ಗಂಡಸೆಂದುಕೊಳ್ಳಬೇಡಿ. ಡೆನಿಸ್ ಹೆಂಗಸು. ಹೆಂಗಸರಿಗೆ ಪ್ರಯೋಗಾಲಯದ ಬಾಗಿಲು ಅರ್ಧವೂ ತೆರೆಯದಿದ್ದ ಕಾಲದಲ್ಲಿ ಫೊಲಿನ್ ಜೊತೆ ಸಾಲು ಸಾಲಾಗಿ ಪ್ರಬಂಧ ಬರೆದವರು.) ಅವರ ದಾರಿ ಏನು? ರಕ್ತವನ್ನು ಮೀಥೈಲ್ ಆಲ್ಕೊಹಾಲಿಗೆ, ಎಂದರೆ ಮೆಥನಾಲಿಗೆ ಹಾಕುವುದು. ಪ್ರೋಟೀನು ಗರಣೆಗಟ್ಟಿ ಬೇರೆಯಾಗುತ್ತದೆ, ಸೋಸಿ, ಉಳಿದುಕೊಂಡದ್ದನ್ನು ಸತುವಿನ ಕ್ಲೋರೈಡಿನ ಹನಿ ಹಾಕಿ ಇಳಿಸುವುದು. ಈ ಮೆಥನಾಲನ್ನು ನೆನಪಿಟ್ಟುಕೊಳ್ಳಿ, ಇದರ ಕತೆ ಇಲ್ಲಿಗೇ ಮುಗಿಯುವುದಿಲ್ಲ.

ಆದರೆ ಏಳೇ ವರ್ಷದಲ್ಲಿ ಫೊಲಿನ್ ಅದನ್ನು ಕೈಬಿಟ್ಟರು. 1919ರಲ್ಲಿ ಅವರೂ ಅವರ ಚೀನೀ ವಿದ್ಯಾರ್ಥಿ ಶಿಯನ್ ವೂ ಅವರೂ ಸೇರಿ ರಕ್ತ ಪರೀಕ್ಷೆಯ ಪೂರ್ತಿ ವ್ಯವಸ್ಥೆಯೊಂದನ್ನು ಪ್ರಕಟಿಸಿದರು. ವೂ ಅಮೆರಿಕಕ್ಕೆ ಹೋದದ್ದು ಹಡಗು ಕಟ್ಟುವ ವಿದ್ಯೆ ಕಲಿಯಲು, ಕೊನೆಗೆ ಕೈಹಿಡಿದದ್ದು ರಸಾಯನ. ಅವರಿಬ್ಬರ ವಿಧಾನ ಎಷ್ಟು ಗಟ್ಟಿಯಾಗಿ ನೆಲೆಯೂರಿತೆಂದರೆ, ಎಂಬತ್ತರ ದಶಕದಲ್ಲಿ ಮೈಸೂರಿನಲ್ಲಿ ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾಕ್ಕೆ ಸೇರಿದ ನಾನೂ ಕಲಿತದ್ದು ಅದನ್ನೇ.

ಆಗ ಫೊಲಿನ್ ಯಾರು, ವೂ ಯಾರು ಎಂದು ನಮಗೆ ಗೊತ್ತಿರಲಿಲ್ಲ. ರೆಕಾರ್ಡ್ ಪುಸ್ತಕದಲ್ಲಿ ‘ಫೊಲಿನ್-ವೂ ಫಿಲ್ಟ್ರೇಟ್’ ಎಂದು ಅಡಿಗೆರೆ ಎಳೆದು ಬರೆಯುತ್ತಿದ್ದೆವು. ಕೋನಿಕಲ್ ಫ್ಲಾಸ್ಕಿನಲ್ಲಿ ಏಳು ಎಂಎಲ್ ನೀರು. ಅದಕ್ಕೆ ಆಕ್ಸಲೇಟ್ ಹಾಕಿದ ರಕ್ತ ಒಂದು ಎಂಎಲ್. ಕೆಂಪು ಕಣಗಳು ಒಡೆದು ನೀರೆಲ್ಲ ಪಾರದರ್ಶಕ ಕೆಂಪಾಗುತ್ತದೆ. ಶೇಕಡಾ ಹತ್ತರ ಸೋಡಿಯಂ ಟಂಗ್‌ಸ್ಟೇಟ್ ಒಂದು ಎಂಎಲ್. ಕೊನೆಗೆ ಗಂಧಕಾಮ್ಲ, ಮೂರನೇ ಎರಡು ನಾರ್ಮಲ್, ಒಂದು ಎಂಎಲ್, ಹನಿ ಹನಿಯಾಗಿ, ಫ್ಲಾಸ್ಕು ಆಡಿಸುತ್ತ. ನೋಡನೋಡುತ್ತಿದ್ದಂತೆ ಕೆಂಪು ಹೋಗಿ ಚಾಕೊಲೇಟ್ ಬಣ್ಣ ತಿರುಗುತ್ತದೆ. ರಬ್ಬರು ಬಿರಡೆ ಹಾಕಿ ಜೋರಾಗಿ ಕುಲುಕಬೇಕು. ಇಲ್ಲಿಯೇ ನಮ್ಮ ಮೇಷ್ಟ್ರು ಪಕ್ಕಕ್ಕೆ ಬಂದು ನಿಲ್ಲುತ್ತಿದ್ದರು. “ನೊರೆ ಬಂತೇನಮ್ಮಾ?” ಎಂದು ಕೇಳುತ್ತಿದ್ದರು. ನೊರೆ ಬಂದರೆ ಪ್ರೋಟೀನು ಇನ್ನೂ ಕರಗಿಕೊಂಡೇ ಇದೆ, ಆಮ್ಲ ಸಾಲದು ಅಥವಾ ಆಕ್ಸಲೇಟು ಜಾಸ್ತಿ ಎಂದರ್ಥ. ಸರಿಯಾಗಿ ಆಗಿದ್ದರೆ ಒಂದು ಗುಳ್ಳೆಯೂ ಏಳುವುದಿಲ್ಲ. ಈ ಗುರುತನ್ನು ಫೊಲಿನ್ ಮತ್ತು ವೂ ಅವರೇ 1919ರ ಪ್ರಬಂಧದಲ್ಲಿ ಬರೆದಿಟ್ಟಿದ್ದಾರೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಬಾಸ್ಟನ್ನಿನಿಂದ ಮೈಸೂರಿಗೆ ಬಂದ ಆ ಮಾತು ದಾರಿಯಲ್ಲಿ ಒಂದಿಷ್ಟೂ ಸವೆದಿರಲಿಲ್ಲ.

ವಾಟ್‌ಮನ್ ಕಾಗದದಲ್ಲಿ ಸೋಸಿದರೆ ಕೆಳಗೆ ನೀರಿನಷ್ಟು ತಿಳಿ. ಮೊದಲ ಹನಿಗಳು ಮಸುಕಾಗಿದ್ದರೆ ಅವನ್ನು ಮತ್ತೆ ಮೇಲಕ್ಕೇ ಸುರಿಯಬೇಕು. ಆ ಒಂದೇ ತಿಳಿಯಿಂದ ಸಕ್ಕರೆ, ಯೂರಿಯಾ, ಕ್ರಿಯಾಟಿನಿನ್, ಯೂರಿಕ್ ಆಮ್ಲ ಎಲ್ಲವನ್ನೂ ಅಳೆಯಬಹುದಿತ್ತು. ಒಂದು ಮಾದರಿ, ಒಂದು ತಯಾರಿ, ಹಲವು ಉತ್ತರ. ಇಂದು ಒಂದೇ ಓಟದಲ್ಲಿ ನೂರಾರು ಮೆಟಬಾಲೈಟು ಎಂದು ನಾವು ಬೀಗುತ್ತೇವಲ್ಲ, ಅದರ ಯೋಚನೆ ಅಲ್ಲೇ ಹುಟ್ಟಿಬಿಟ್ಟಿತ್ತು. ಸಕ್ಕರೆ ಅಳೆಯುವುದಕ್ಕೆ ಬೇರೆಯದೇ ಒಂದು ಗಾಜಿನ ನಳಿಕೆ. ಬುಡದಲ್ಲಿ ಬುಗ್ಗೆ, ಮೇಲೆ ಇರುಕು ಕತ್ತು. ತಾಮ್ರದ ದ್ರಾವಣ ಕುದಿಯುವಾಗ ಗಾಳಿ ಹೆಚ್ಚು ತಾಗಿ ಮತ್ತೆ ಆಕ್ಸಿಡೀಕರಣ ಆಗಬಾರದೆಂದು ಆ ಕತ್ತು. ಗಾಜು ಊದುವವನಿಗೆ ಹೇಳಿ ಮಾಡಿಸಿದ ಇಂಥ ಬುದ್ಧಿವಂತಿಕೆಗಳು ಯಾವ ಬಹುಮಾನದ ಪಟ್ಟಿಯಲ್ಲೂ ಇಲ್ಲ.

ವೂ 1920ರಲ್ಲಿ ಪೀಕಿಂಗಿನ ಯೂನಿಯನ್ ವೈದ್ಯಕೀಯ ಕಾಲೇಜಿಗೆ ಹಿಂದಿರುಗಿದರು. ಅಲ್ಲಿ ಅವರನ್ನು ಕಾಡಿದ್ದು ತಾವೇ ದಿನಾ ಮಾಡಿ ಬಿಟ್ಟಿದ್ದ ಕೆಲಸ: ಆಮ್ಲ ಹಾಕಿದೊಡನೆ ಪ್ರೋಟೀನು ಏಕೆ ಗರಣೆಗಟ್ಟುತ್ತದೆ? 1931ರಲ್ಲಿ ಅವರು ಉತ್ತರ ಕೊಟ್ಟರು. ಪ್ರೋಟೀನಿನ ಉದ್ದ ಸರಪಳಿ ಸಹಜ ಸ್ಥಿತಿಯಲ್ಲಿ ಅಚ್ಚುಕಟ್ಟಾಗಿ ಮಡಚಿಕೊಂಡಿರುತ್ತದೆ. ಆಮ್ಲವೋ ಶಾಖವೋ ಆಲ್ಕೊಹಾಲೋ ತಗುಲಿದರೆ ಆ ಮಡಿಕೆ ಬಿಚ್ಚಿಹೋಗುತ್ತದೆ, ಬಿಚ್ಚಿದ ಸರಪಳಿಗಳು ಒಂದಕ್ಕೊಂದು ತೊಡರಿ ತಳಕ್ಕೆ ಇಳಿಯುತ್ತವೆ. ಪ್ರೋಟೀನಿನ ಆಕಾರದ ಬಗ್ಗೆ ಜಗತ್ತು ಇನ್ನೂ ಕತ್ತಲಲ್ಲಿ ತಡಕಾಡುತ್ತಿದ್ದಾಗ ಬಂದ ಮಾತಿದು. ಚೀನಾದ ಶರೀರಶಾಸ್ತ್ರ ಪತ್ರಿಕೆಯಲ್ಲಿ ಅಚ್ಚಾದದ್ದರಿಂದಲೋ ಏನೋ, ಪಶ್ಚಿಮದವರು ಬಹಳ ಕಾಲ ಅದನ್ನು ಗಮನಿಸಲೇ ಇಲ್ಲ. ಎಸೆಯುವ ಗಷ್ಟನ್ನು ಕೂತು ನೋಡಿದ ಮನುಷ್ಯ ಎಂದು ನನಗೆ ವೂ ಮೇಲೆ ಫೊಲಿನ್‌ಗಿಂತ ಒಂದು ಕೈ ಹೆಚ್ಚು ಗೌರವ.

ಫೊಲಿನ್ ಮತ್ತು ವೂ ಅವರ ತಿಳಿಯಲ್ಲಿ ಒಂದು ತೊಡಕಿತ್ತು. ಪ್ರೋಟೀನಿನ ಜೊತೆಗೆ ಏನು ಹೋಗುತ್ತದೆ, ಏನು ಉಳಿಯುತ್ತದೆ ಎನ್ನುವುದನ್ನು ತೀರ್ಮಾನಿಸುವುದು ನಾವು ಹಾಕುವ ರಾಸಾಯನಿಕ. ಫೊಲಿನ್-ವೂ ತಿಳಿಯಲ್ಲಿ ಉಪವಾಸದ ಸಕ್ಕರೆ ನೂರು ಎಂಎಲ್ ರಕ್ತಕ್ಕೆ 80ರಿಂದ 120 ಮಿಲಿಗ್ರಾಂ ಬರುತ್ತಿತ್ತು. ಸೇಂಟ್ ಲೂಯಿಯ ಮೈಕೆಲ್ ಸೊಮೋಗಿ 1930ರಲ್ಲಿ ಸತುವಿನ ಹೈಡ್ರಾಕ್ಸೈಡ್ ಬಳಸಿ ಪ್ರೋಟೀನು ಇಳಿಸಿದರು. ಅದರಲ್ಲಿ ನೋಡಿದರೆ ಅದೇ ಸಕ್ಕರೆ 20 ಮಿಲಿಗ್ರಾಂನಷ್ಟು ಕಡಿಮೆ! ಕೆಂಪು ಕಣಗಳ ಗ್ಲುಟಥಯೋನ್ ಮುಂತಾದವು ಟಂಗ್‌ಸ್ಟಿಕ್ ತಿಳಿಯಲ್ಲಿ ಉಳಿದುಕೊಂಡು ಸಕ್ಕರೆಯ ವೇಷ ಹಾಕುತ್ತಿದ್ದವು. ಸತುವು ಅವನ್ನೂ ಎಳೆದುಕೊಂಡು ಹೋಗುತ್ತಿತ್ತು. ಹಾಗೆಯೇ ಯೂರಿಕ್ ಆಮ್ಲದ ಅಳತೆಯಲ್ಲಿ ಯಾವುದೋ ಒಂದು ವಸ್ತು ಸುಮ್ಮನೆ ಅಡ್ಡ ಬರುತ್ತಿತ್ತು. 1920ರ ದಶಕದಲ್ಲಿ ಅದರ ಬೆನ್ನು ಹತ್ತಿದವರಿಗೆ ಸಿಕ್ಕಿದ್ದು ಅರ್ಗೊಥಯೊನೀನ್. ಬೂಜಿನಲ್ಲಿ ಮಾತ್ರ ಇದೆ ಎಂದುಕೊಂಡಿದ್ದ ವಸ್ತು ಪ್ರಾಣಿಗಳ ರಕ್ತದಲ್ಲೂ ಇದೆ ಎಂದು ಗೊತ್ತಾದದ್ದು ಹೀಗೆ, ಲೆಕ್ಕ ತಪ್ಪಿದ್ದರಿಂದ.

ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಈ ಕತೆಗೆ ಬರುವುದು ಇಲ್ಲೇ. ಮದರಾಸಿನಲ್ಲಿ ವೈದ್ಯಕೀಯ ಓದಿ ಬಾಸ್ಟನ್ನಿಗೆ ಹೋದವರು, ಫೊಲಿನ್ ಮುಖ್ಯಸ್ಥರಾಗಿದ್ದ ಹಾರ್ವರ್ಡ್ ವಿಭಾಗದಲ್ಲಿ ಸೈರಸ್ ಫಿಸ್ಕ್ ಜೊತೆ ಸೇರಿ 1925ರಲ್ಲಿ ರಂಜಕ ಅಳೆಯುವ ವಿಧಾನ ಪ್ರಕಟಿಸಿದರು. ಫಿಸ್ಕ್-ಸುಬ್ಬರಾವ್ ವಿಧಾನ ಎಂದರೆ ಬಯೋಕೆಮಿಸ್ಟ್ರಿ ಓದಿದವರು ಇಂದಿಗೂ ತಲೆಯಾಡಿಸುತ್ತಾರೆ. ಅದೇ ವಿಧಾನವನ್ನು ಸ್ನಾಯುವಿನ ತಿಳಿಗೆ ಹಚ್ಚಿದಾಗ ನೀಲಿ ಬಣ್ಣ ಬರಬೇಕಾದಷ್ಟು ಬೇಗ ಬರಲಿಲ್ಲ, ತಡವಾಗಿ ಏರುತ್ತ ಹೋಯಿತು. ಬೇರೆಯವರಾಗಿದ್ದರೆ ದ್ರಾವಣ ಹಳತಾಗಿದೆ ಎಂದು ಚೆಲ್ಲಿಬಿಡುತ್ತಿದ್ದರು. ಇವರು ಚೆಲ್ಲಲಿಲ್ಲ. ಅಲ್ಲಿಯವರೆಗೆ ಎಲ್ಲರೂ ಬಿಡಿ ರಂಜಕವೆಂದು ಲೆಕ್ಕ ಹಾಕುತ್ತಿದ್ದುದು ನಿಜವಾಗಿ ಫಾಸ್ಫೋಕ್ರಿಯಾಟಿನ್ ಎಂಬ ಬಹಳ ನಾಜೂಕಿನ ವಸ್ತು. ಆಮ್ಲದ ತಯಾರಿಯಲ್ಲಿ ಅದು ಒಡೆದು ಹೋಗುತ್ತಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1927ರಲ್ಲಿ ಅದನ್ನು ಪ್ರಕಟಿಸಿದರು, 1929ರಲ್ಲಿ ಎಟಿಪಿ. ಮಾದರಿ ತಯಾರಿಸುವ ವಿಧಾನವೇ ಒಂದು ಮೆಟಬಾಲೈಟನ್ನು ಮುಚ್ಚಿಡಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಪಿಪೆಟ್ ಕೊಡುವ ಮೊದಲು ನಾನು ಈ ಕತೆ ಹೇಳುತ್ತೇನೆ. ಕೆಲವರು ಕೇಳಿಸಿಕೊಳ್ಳುತ್ತಾರೆ.

ಪಿಪೆಟ್ ಎಂದೆನಲ್ಲ. ನಾವು ಕಲಿಯುವಾಗ ರಕ್ತವನ್ನು ಬಾಯಲ್ಲೇ ಹೀರಬೇಕಿತ್ತು. ಗಾಜಿನ ಕೊಳವೆಯ ತುದಿಗೆ ಹತ್ತಿ ತುರುಕಿ, ಗೆರೆಯವರೆಗೆ ಎಳೆದು, ನಾಲಗೆ ತೆಗೆದು ಬೆರಳು ಮುಚ್ಚುವುದು. ಬೇರೆಯವರ ಸೀರಂ ಬಾಯಿಗೆ ಬಂದ ಕತೆಗಳು ಪ್ರತಿ ಬ್ಯಾಚಿನಲ್ಲೂ ಇದ್ದವು. ಜರ್ಮನಿಯ ಮಾರ್ಬುರ್ಗಿನಲ್ಲಿ ಹೈನ್ರಿಕ್ ಶ್ನಿಟ್ಗರ್ ಎಂಬ ವೈದ್ಯರು ಈ ಹೀರಾಟಕ್ಕೆ ಬೇಸತ್ತು ಸ್ಪ್ರಿಂಗು, ಪಿಸ್ಟನ್ನು ಜೋಡಿಸಿ ಕೈಯ ಪಿಪೆಟ್ ಮಾಡಿದ್ದು 1957ರಲ್ಲಿ. ಎಪ್ಪೆನ್‌ಡಾರ್ಫ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ನನ್ನನ್ನು ಕೇಳಿದರೆ ರಕ್ತದ ರಸಾಯನಕ್ಕೆ ಆರ್ಬಿಟ್ರ್ಯಾಪ್ ಎಂಬ ಮಾಸ್ ಸ್ಪೆಕ್ಟ್ರೋಮೀಟರಿಗಿಂತ ದೊಡ್ಡ ತಿರುವು ಈ ಪಿಪೆಟ್. ಎಂಎಲ್‌ಗಳಲ್ಲಿ ನಡೆಯುತ್ತಿದ್ದ ವ್ಯವಹಾರ ಮೈಕ್ರೋಲೀಟರಿಗೆ ಇಳಿದದ್ದು, ಎಳೆಗೂಸಿನ ರಕ್ತವನ್ನೂ ಪರೀಕ್ಷಿಸುವ ಧೈರ್ಯ ಬಂದದ್ದು ಅದರಿಂದ.

ಇನ್ನು ರಕ್ತ ಹೆಪ್ಪುಗಟ್ಟದಂತೆ ಹಾಕುವ ವಸ್ತುಗಳದು ಇನ್ನೊಂದು ಪುರಾಣ. ಆಕ್ಸಲೇಟು ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಹೆಪ್ಪು ತಡೆಯುತ್ತದೆಂದು ಫ್ರಾನ್ಸಿನಲ್ಲಿ ಆರ್ತುಸ್ ಮತ್ತು ಪಾಜೆಸ್ 1890ರಲ್ಲೇ ತೋರಿಸಿದ್ದರು. 1914ರಲ್ಲಿ ಸಿಟ್ರೇಟು ಬಂತು, ರಕ್ತದಾನಕ್ಕಾಗಿ. 1916ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವಿದ್ಯಾರ್ಥಿ ಜೇ ಮೆಕ್ಲೀನ್ ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತ ಹೋಗಿ ಹೆಪ್ಪು ತಡೆಯುವುದನ್ನೇ ಕಂಡ, ಅದು ಹೆಪಾರಿನ್ ಆಯಿತು. ಇಡಿಟಿಎ ಹುಟ್ಟಿದ್ದು ಬಟ್ಟೆಗೆ ಬಣ್ಣ ಹಾಕುವ ಉದ್ಯಮಕ್ಕಾಗಿ. ಸಿಟ್ರಿಕ್ ಆಮ್ಲದ ಆಮದು ತಪ್ಪಿಸಲೆಂದು ಜರ್ಮನಿಯ ಫರ್ಡಿನಾಂಡ್ ಮುನ್ಸ್ ಮಾಡಿದ್ದು, 1935ರ ಪೇಟೆಂಟು. ಐವತ್ತರ ದಶಕದಲ್ಲಿ ಅದು ರಕ್ತದ ನಳಿಕೆಗೆ ಬಂತು. ಈಗ ನಳಿಕೆಯ ಮುಚ್ಚಳ ನೋಡಿಯೇ ಹೇಳಬಹುದು: ನೇರಳೆ ಇಡಿಟಿಎ, ಹಸಿರು ಹೆಪಾರಿನ್, ತಿಳಿನೀಲಿ ಸಿಟ್ರೇಟು, ಬೂದು ಫ್ಲೋರೈಡು.

ಯಾವ ಬಣ್ಣವಾದರೇನು ಎಂದು ಆಸ್ಪತ್ರೆಯವರು ಕೇಳುತ್ತಾರೆ. ಸಿಟ್ರೇಟು ನಮ್ಮ ಜೀವಕೋಶಗಳಲ್ಲೇ ತಯಾರಾಗುವ ಒಂದು ಮೆಟಬಾಲೈಟು. ನಳಿಕೆಯಲ್ಲೇ ಅದನ್ನು ಸುರಿದಿಟ್ಟರೆ ರೋಗಿಯ ಸಿಟ್ರೇಟನ್ನು ಎಲ್ಲಿಂದ ಅಳೆಯುವುದು? ಇಡಿಟಿಎ ಯಂತ್ರದಲ್ಲಿ ತನ್ನದೇ ಗೋಪುರ ಎಬ್ಬಿಸಿಕೊಂಡು ಪಕ್ಕದವರ ದನಿ ಅಡಗಿಸುತ್ತದೆ. ಸೀರಂ ತೆಗೆದುಕೊಳ್ಳೋಣವೆಂದರೆ ಹೆಪ್ಪುಗಟ್ಟಲು ಅರ್ಧ ಗಂಟೆ ಹೊರಗಿಡಬೇಕು, ಅಷ್ಟರಲ್ಲಿ ಪ್ಲೇಟ್‌ಲೆಟ್‌ಗಳು ತಮ್ಮ ಜೋಳಿಗೆ ಬಿಚ್ಚಿ ಸುರಿದಿರುತ್ತವೆ. ಪ್ಲಾಸ್ಮಾ ವಾಸಿ ಎಂದು ನನ್ನ ಪಕ್ಷ. ಒಂದೇ ಅಧ್ಯಯನದಲ್ಲಿ ಎರಡು ಬಣ್ಣದ ಮುಚ್ಚಳ ಬಂದರೆ ಮಾತ್ರ ನಾನು ಡಬ್ಬಿಯನ್ನು ತೆರೆಯದೆ ವಾಪಸು ಕಳಿಸುತ್ತೇನೆ.

ಮತ್ತೆ ಮೆಕ್ಲೀನ್ ಆಸ್ಪತ್ರೆ. ಫೊಲಿನ್ ಬಿಟ್ಟುಹೋದ ಅದೇ ಆಸ್ಪತ್ರೆಯ ಸಂಶೋಧನಾಲಯಕ್ಕೆ ನಲವತ್ತರ ದಶಕದಲ್ಲಿ ಬಾರ್ಸಿಲೋನದ ಜೋರ್ಡಿ ಫೋಲ್ಚ್-ಪಿ ಬಂದರು. ಮಿದುಳಿನ ಕೊಬ್ಬುಗಳು ಅವರ ವಿಷಯ. 1957ರಲ್ಲಿ ಅವರೂ ಸಂಗಡಿಗರೂ ಬರೆದ ವಿಧಾನ ಬಹಳ ಸರಳ: ಎರಡು ಪಾಲು ಕ್ಲೋರೊಫಾರ್ಮ್, ಒಂದು ಪಾಲು ಮೆಥನಾಲ್, ಮೇಲೆ ಒಂದಿಷ್ಟು ಉಪ್ಪುನೀರು. ಎರಡು ಪದರ ಬೇರೆಯಾಗುತ್ತದೆ. ಕೊಬ್ಬು ಕೆಳಕ್ಕೆ, ಸಕ್ಕರೆ ಅಮೈನೋ ಆಮ್ಲಗಳು ಮೇಲಕ್ಕೆ, ಪ್ರೋಟೀನು ನಡುವೆ ಬಿಳಿ ಬಿಲ್ಲೆಯಾಗಿ. ಎರಡು ವರ್ಷದ ಮೇಲೆ ಕೆನಡಾದ ಬ್ಲೈ ಮತ್ತು ಡಯರ್ ಮೀನಿನ ಮಾಂಸಕ್ಕೆಂದು ಇದನ್ನೇ ಚುಟುಕು ಮಾಡಿದರು. ಲಿಪಿಡ್ ನೋಡುವವರು ಇಂದಿಗೂ ಈ ಎರಡರಲ್ಲೊಂದನ್ನು ಹಿಡಿದಿರುತ್ತಾರೆ. 2008ರಲ್ಲಿ ಡ್ರೆಸ್ಡೆನ್ನಿನವರು ಕ್ಲೋರೊಫಾರ್ಮಿನ ಬದಲು ಎಂಟಿಬಿಇ ಎಂಬ ಹಗುರ ದ್ರಾವಕ ಹಾಕಿ ಕೊಬ್ಬಿನ ಪದರವನ್ನು ಮೇಲಕ್ಕೆ ತಂದರು. ಬಿಲ್ಲೆಯನ್ನು ತೂರಿ ಕೆಳಗಿನದನ್ನು ಎಳೆಯುವ ಪಾಡು ತಪ್ಪಿತು. ಇದನ್ನು ಯೋಚಿಸಿದವರು ಖಂಡಿತ ಒಮ್ಮೆಯಾದರೂ ತಾವೇ ಪಿಪೆಟ್ ಹಿಡಿದಿರಬೇಕು.

1971ರಲ್ಲಿ ಹೂಸ್ಟನ್ನಿನ ಹಾರ್ನಿಂಗ್ ದಂಪತಿಗಳು ಗ್ಯಾಸ್ ಕ್ರೊಮಟೋಗ್ರಫಿಯನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ ಜೋಡಿಸಿ ‘ಮೆಟಬಾಲಿಕ್ ಪ್ರೊಫೈಲ್’ ಎಂಬ ಮಾತನ್ನು ಚಲಾವಣೆಗೆ ತಂದರು. ಅದೇ ವರ್ಷ ಲೈನಸ್ ಪಾಲಿಂಗ್ ಮೂತ್ರದ ಆವಿಯಲ್ಲಿ 280ರಷ್ಟು, ಉಸಿರಿನಲ್ಲಿ 250ರಷ್ಟು ವಸ್ತುಗಳನ್ನು ತೋರಿಸಿದರು. ಗಮನಿಸಿ, ಹಾರ್ನಿಂಗರು ಹೆಚ್ಚಾಗಿ ನೋಡಿದ್ದೂ ಮೂತ್ರವನ್ನೇ. ಪ್ರೋಟೀನಿನ ಗೋಳು ಬೇಡವೆನ್ನುವವರು ಫೊಲಿನ್ ಕಾಲದಲ್ಲೂ ಮೂತ್ರ ಹಿಡಿದರು, ಆಗಲೂ ಅದನ್ನೇ ಹಿಡಿದರು.

ಕರ್ನಾಟಕದಲ್ಲಿ ಇದೇ ಗೋಳನ್ನು ಕಾಗದದ ಮೇಲೆ ತೀರಿಸಿಕೊಂಡವರಿದ್ದಾರೆ. ಹಸುಗೂಸಿನ ಹಿಮ್ಮಡಿ ಚುಚ್ಚಿ ದಪ್ಪ ಕಾಗದದ ಮೇಲೆ ರಕ್ತದ ಬೊಟ್ಟು ಇಡುವ ಪದ್ಧತಿ ಅಮೆರಿಕದ ರಾಬರ್ಟ್ ಗತ್ರಿ ಅವರದ್ದು, ಅರವತ್ತರ ದಶಕದ್ದು. ರಕ್ತ ಒಣಗಿದಾಗ ಪ್ರೋಟೀನು ಕಾಗದದ ನಾರಿಗೇ ಕಚ್ಚಿಕೊಂಡಿರುತ್ತದೆ, ಚಿಕ್ಕ ಅಣುಗಳನ್ನು ದ್ರಾವಕ ಹಾಕಿ ಎಳೆದುಕೊಳ್ಳಬಹುದು. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎಚ್. ಎಸ್. ಸಾವಿತ್ರಿ, ಎ. ರಾಧಾ ರಮಾದೇವಿ ಮೊದಲಾದವರು ಕರ್ನಾಟಕದ ಸುಮಾರು ಒಂದು ಲಕ್ಷ ನವಜಾತ ಶಿಶುಗಳ ರಕ್ತದಲ್ಲಿ ಅಮೈನೋ ಆಮ್ಲದ ರೋಗಗಳನ್ನು ಹುಡುಕಿದರು. ಫಲಿತಾಂಶ 1988ರಲ್ಲಿ ಅಚ್ಚಾಯಿತು. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ನಮ್ಮ ಪದ್ಧತಿಯ ಲೆಕ್ಕವೂ ಅದರ ಜೊತೆಗೇ ಸಿಕ್ಕಿತು: ಮೂರರಲ್ಲಿ ಒಂದರಷ್ಟು ಮದುವೆಗಳು ರಕ್ತಸಂಬಂಧದೊಳಗೇ. ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರಿನಿಂದ ಇದೇ ಬೊಟ್ಟುಗಳನ್ನು ಓದುವ ವಿಧಾನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು 1990ರ ಆಸುಪಾಸು. ಅದಕ್ಕೂ ಮೊದಲೇ ನಮ್ಮವರು ಕಾಗದ, ದ್ರಾವಕ, ಬಣ್ಣ, ತಾಳ್ಮೆ ಇಷ್ಟರಲ್ಲೇ ಆ ಕೆಲಸ ಮಾಡಿದ್ದರು.

ಎಂಬತ್ತರ ದಶಕದ ಕೊನೆಗೆ ಫೆನ್ ಅವರ ಎಲೆಕ್ಟ್ರೋಸ್ಪ್ರೇ ಬಂದ ಮೇಲೆ ದ್ರವವನ್ನು ನೇರವಾಗಿ ಮಾಸ್ ಸ್ಪೆಕ್ಟ್ರೋಮೀಟರಿಗೆ ಸಿಂಪಡಿಸುವುದು ಸಾಧ್ಯವಾಯಿತು. ಅಲ್ಲಿಗೆ ಹಳೆಯ ಆಮ್ಲಗಳ ಕಾಲ ಮುಗಿಯಿತು. ಟಂಗ್‌ಸ್ಟೇಟು ಆವಿಯಾಗುವುದಿಲ್ಲ, ಉಪ್ಪಾಗಿ ಕೂರುತ್ತದೆ. ಟ್ರೈಕ್ಲೋರೊಅಸಿಟಿಕ್ ಆಮ್ಲ ಬೇರೆ ಅಣುಗಳ ಸಂಕೇತವನ್ನು ತುಳಿಯುತ್ತದೆ. ಪ್ರೋಟೀನು ಇಳಿಸಿ ತಾನು ಸುಳಿವಿಲ್ಲದೆ ಹಾರಿಹೋಗುವ ವಸ್ತು ಬೇಕಿತ್ತು. ಸ್ವೀಡನ್ನಿನ ಉಮಿಯೊದಲ್ಲಿ ಒಂದು ತಂಡ ಮೆಥನಾ‌ಲ್, ಎಥನಾಲ್, ಅಸಿಟೋನೈಟ್ರೈಲ್, ಅಸಿಟೋನ್, ಕ್ಲೋರೊಫಾರ್ಮ್ ಎಲ್ಲವನ್ನೂ ಲೆಕ್ಕಾಚಾರದಿಂದ ಪರೀಕ್ಷಿಸಿ 2005ರಲ್ಲಿ ವರದಿ ಕೊಟ್ಟಿತು. ಮನುಷ್ಯನ ಪ್ಲಾಸ್ಮಾಕ್ಕೆ ಗೆದ್ದದ್ದು ಮೆಥನಾಲ್. 1912ರಲ್ಲಿ ಫೊಲಿನ್ ಮತ್ತು ಡೆನಿಸ್ ಹಿಡಿದು, 1919ರಲ್ಲಿ ಫೊಲಿನ್ ಮತ್ತು ವೂ ಬಿಟ್ಟ ಅದೇ ಬಾಟಲಿ. ತೊಂಬತ್ತು ವರ್ಷ ಸುತ್ತಿ ಬಂದು ಫೊಲಿನ್ ಹುಟ್ಟಿದ ನಾಡಿನಲ್ಲೇ ಮತ್ತೆ ತೆರೆದುಕೊಂಡಿತು.

ಈಗ ನಾವು ಮಾಡುವುದು ಇಷ್ಟು. ಮೈನಸ್ ಎಂಬತ್ತರ ಫ್ರೀಜರಿನಿಂದ ತೆಗೆದ ಪ್ಲಾಸ್ಮಾವನ್ನು ಮಂಜುಗಡ್ಡೆಯ ಮೇಲೆ ಕರಗಲು ಬಿಡುತ್ತೇವೆ. ಒಮ್ಮೆ ಕರಗಿದ್ದು ಮತ್ತೆ ಫ್ರೀಜರಿಗೆ ಹೋಗಕೂಡದು, ಅದಕ್ಕೇ ಮೊದಲೇ ಸಣ್ಣ ಸಣ್ಣ ಪಾಲು ಮಾಡಿ ಇಟ್ಟಿರಬೇಕು. ನೂರು ಮೈಕ್ರೋಲೀಟರಿಗೆ ಮೂರೋ ನಾಲ್ಕೋ ಪಾಲು ಕೊರೆಯುವಷ್ಟು ತಣ್ಣಗಿನ ಮೆಥನಾಲ್. ಅದರಲ್ಲಿ ಡ್ಯುಟೀರಿಯಮ್ಮೋ ಕಾರ್ಬನ್-13ಓ ಸೇರಿಸಿದ ಗುರುತಿನ ಅಣುಗಳು ಮೊದಲೇ ಇರುತ್ತವೆ, ದಾರಿಯಲ್ಲಿ ಎಷ್ಟು ಸೋರಿತೆಂದು ಆಮೇಲೆ ಅವೇ ಹೇಳುತ್ತವೆ. ಮೆಥನಾಲ್ ಬಿದ್ದ ಕ್ಷಣ ಹೊಂಬಣ್ಣದ ಪ್ಲಾಸ್ಮಾ ನಿಂಬೆ ಹಿಂಡಿದ ಹಾಲಿನಂತೆ ಒಡೆಯುತ್ತದೆ. ವೋರ್ಟೆಕ್ಸಿನ ಮೇಲೆ ಒತ್ತಿಹಿಡಿದರೆ ನಳಿಕೆ ಬೆರಳಿನಡಿ ಗುಂಯ್‌ಗುಡುತ್ತದೆ. ಅರ್ಧ ಗಂಟೆ ಮೈನಸ್ ಇಪ್ಪತ್ತರಲ್ಲಿಟ್ಟು, ತಣ್ಣನೆಯ ಸೆಂಟ್ರಿಫ್ಯೂಜಿನಲ್ಲಿ 14,000 ಜಿ ಬಲದಲ್ಲಿ ಕಾಲು ಗಂಟೆ ತಿರುಗಿಸಿದರೆ ಬುಡದಲ್ಲಿ ಬಿಳಿ ಗುಂಡಿ, ಮೇಲೆ ತಿಳಿ. ತುದಿ ಆ ಗುಂಡಿಗೆ ತಾಗದಂತೆ, ಎಲ್ಲವನ್ನೂ ಎಳೆಯುವ ದುರಾಸೆಗೆ ಬೀಳದೆ, ಮೇಲಿನದಷ್ಟನ್ನೇ ತೆಗೆಯಬೇಕು. ಒಣಗಿಸಿ, ಬೇಕಾದ ದ್ರಾವಕದಲ್ಲಿ ಮತ್ತೆ ಕರಗಿಸಿ, ಗಾಜಿನ ವಯಲಿಗೆ. ಪ್ರತಿ ಮಾದರಿಯಿಂದ ಒಂದೊಂದು ಚೂರು ತೆಗೆದು ಬೆರೆಸಿದ ಮಿಶ್ರಣವನ್ನು ನಡುನಡುವೆ ಓಡಿಸುತ್ತೇವೆ. ಅದರ ಅಂಕಿ ಅಲುಗಿದರೆ ಯಂತ್ರ ಅಲುಗಿದೆ ಎಂದರ್ಥ. ಈ ಶಿಸ್ತನ್ನು ಮ್ಯಾಂಚೆಸ್ಟರಿನ ವಾರಿಕ್ ಡನ್ ಮತ್ತು ಸಂಗಡಿಗರು 2011ರಲ್ಲಿ ಎಲ್ಲರೂ ಅನುಸರಿಸುವಂತೆ ಬರೆದುಕೊಟ್ಟರು. ನಾವು ಸರಿಯೋ ತಪ್ಪೋ ಎಂದು ಹೊರಗಿನಿಂದ ನೋಡಿಕೊಳ್ಳಲು ಅಮೆರಿಕದ ಮಾನಕ ಸಂಸ್ಥೆಯ ಎಸ್‌ಆರ್‌ಎಂ 1950 ಇದೆ, 100 ಜನರ ಪ್ಲಾಸ್ಮಾ ಬೆರೆಸಿ ಮಾಡಿದ್ದು, ಲಿಥಿಯಂ ಹೆಪಾರಿನ್‌ನಲ್ಲಿ. ಅದರ ಒಂದು ವಯಲನ್ನು ನಾವು ಒಡವೆಯ ಹಾಗೆ ಬೀಗ ಹಾಕಿ ಇಡುತ್ತೇವೆ.

ಇಷ್ಟೆಲ್ಲ ಆದರೂ ಈ ಕಸುಬು ಅತ್ಯಂತ ತಡವಾಗಿ ಕಲಿತ ಪಾಠ ಒಂದಿದೆ, ಅದು ಲ್ಯಾಬಿನ ಹೊರಗಿನದು. ಚುಚ್ಚಿದ ಮೇಲೂ ರಕ್ತ ಬದುಕಿರುತ್ತದೆ. ನಳಿಕೆಯೊಳಗೆ ಕೆಂಪು ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಕೋಣೆಯ ಬಿಸಿಯಲ್ಲಿ ಗಂಟೆಗೆ ಶೇಕಡಾ ಐದರಿಂದ ಏಳರಷ್ಟು. ಲ್ಯಾಕ್ಟೇಟು ಏರುತ್ತದೆ, ಹೈಪೊಕ್ಸಾಂಥೀನ್ ಏರುತ್ತದೆ.

ಒಮ್ಮೆ ಒಂದು ದೊಡ್ಡ ಆಸ್ಪತ್ರೆಯಿಂದ ಮಾದರಿಗಳು ಬಂದವು. ರೋಗಿಗಳ ರಕ್ತ ವಾರ್ಡಿನಲ್ಲಿ ತೆಗೆದದ್ದು, ಸೆಂಟ್ರಿಫ್ಯೂಜು ಅದೇ ಕಟ್ಟಡದಲ್ಲಿ. ಆರೋಗ್ಯವಂತರ ರಕ್ತ ಹಳ್ಳಿಯ ಕ್ಯಾಂಪಿನಲ್ಲಿ ಬೆಳಿಗ್ಗೆ ತೆಗೆದು ಸಂಜೆ ಜೀಪಿನಲ್ಲಿ ತಂದದ್ದು. ಡೇಟಾ ನೋಡಿದ ಪಿಎಚ್‌ಡಿ ಹುಡುಗ ಕುಣಿದಾಡಿಬಿಟ್ಟ. “ಮೇಡಂ, ಈ ಕಾಯಿಲೆಯಲ್ಲಿ ಹೈಪೊಕ್ಸಾಂಥೀನ್ ಅರ್ಧಕ್ಕಿಂತ ಕಡಿಮೆ!” ನಾನು ಆರೋಗ್ಯವಂತರ ಲ್ಯಾಕ್ಟೇಟು ಎಷ್ಟಿದೆ ನೋಡಪ್ಪ ಎಂದೆ. ಆಮೇಲೆ ರಕ್ತ ತೆಗೆದ ಹೊತ್ತು ಬರೆದ ಹಾಳೆ ತರಿಸಿದೆವು. ಹೊತ್ತಿನ ಕಾಲಂ ಉದ್ದಕ್ಕೂ ಖಾಲಿ. ಆ ಅಧ್ಯಯನ ಅಳೆದದ್ದು ಕಾಯಿಲೆಯನ್ನಲ್ಲ, ಜೀಪಿನ ಪ್ರಯಾಣವನ್ನು. ಯಂತ್ರ ಮಾತ್ರ ತನ್ನ ಕೆಲಸವನ್ನು ನೂರಕ್ಕೆ ನೂರು ಸರಿಯಾಗಿ ಮಾಡಿತ್ತು.

ಹೀಗಾಗಿ ನಿಮ್ಮಲ್ಲಿ ಯಾರಾದರೂ ಸಂಶೋಧನೆಗೆಂದು ತೋಳು ಚಾಚುವವರಿದ್ದರೆ ನನ್ನದೊಂದು ಕೋರಿಕೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದರೆ ಕಾಫಿಯನ್ನೂ ಕುಡಿಯದೆ ಹೋಗಿ. ಕೆಫೀನು ನಮ್ಮ ಯಂತ್ರದಲ್ಲಿ ಎದ್ದು ಕಾಣುತ್ತದೆ, ಮೆಣಸಿನ ಸಾರಿನ ಪೈಪರೀನ್ ಕೂಡ. ಕುಡಿದಿದ್ದರೆ ಕುಡಿದೆ ಎನ್ನಿ, ನುಂಗಿದ ಮಾತ್ರೆಗಳ ಹೆಸರು ಹೇಳಿ, ಸಂಕೋಚ ಬೇಡ. ಸೂಜಿ ತೆಗೆದ ಮೇಲೆ ಸಿಸ್ಟರ್ ನಳಿಕೆಯ ಮೇಲೆ ನಿಮ್ಮ ಹೆಸರಿನ ಪಕ್ಕ ಗಂಟೆ, ನಿಮಿಷ ಬರೆದರೋ ಎಂದು ನೋಡಿ. ಬರೆಯದಿದ್ದರೆ ಅಲ್ಲೇ ಕೇಳಿ ಬರೆಸಿ.